ಮೇಷ್ಟ್ರನ್ನ ಕೇಳಿ: ಮೂರು ಜನಕ್ಕೆ ಮೂರು ಆನ್ಸರ್

ಪ್ರಶ್ನೆ: ಸರ್, ಸೆಕೆಂಡ್ ಪಿಯು ಮ್ಯಾಥ್ಸ್ ಸಿಕ್ಕಾಪಟ್ಟೆ ಟಫ್ ಇತ್ತು, ಹೊರಗೆ ಬಂದು ಆನ್ಸರ್ ಟ್ಯಾಲಿ ಮಾಡಿದ್ರೆ ಸೈನ್ ಎಕ್ಸ್ ಕಾಸ್ ಎಕ್ಸ್ ಇಂಟಿಗ್ರೇಷನ್ನಿಗೆ ನಂದು ಸೈನ್ ಸ್ಕ್ವೇರ್ ಎಕ್ಸ್ ಬೈ 2, ಫ್ರೆಂಡ್‌ದು ಮೈನಸ್ ಕಾಸ್ ಸ್ಕ್ವೇರ್ ಎಕ್ಸ್ ಬೈ 2, ಕ್ಲಾಸ್ ಟಾಪರ್‌ದು ಮೈನಸ್ ಕಾಸ್ 2ಎಕ್ಸ್ ಬೈ 4. ಅವನದೇ ಕರೆಕ್ಟ್ ಇರ್ಬೇಕು ಅಂತ ನಾವಿಬ್ರೂ ಸುಮ್ನಾದ್ವಿ. ನಮ್ಮ ಮಾರ್ಕ್ಸ್ ಹೋಯ್ತಾ?
– ದಾವಣಗೆರೆ ವಿದ್ಯಾರ್ಥಿ

ಉತ್ತರ: ಯಾಕಪ್ಪ ಹೋಗುತ್ತೆ, ಕೊನೇಲಿ ಪ್ಲಸ್ ಸಿ (ಯಾವ ಸಂಖ್ಯೆ ಬೇಕಾದ್ರೂ ಆಗಬಹುದಾದ ಕಾನ್ಸ್ಟಂಟ್) ಹಾಕಿದ್ರೆ ಮೂರೂ ಸರಿ! ನಿಂದ್ರಲ್ಲಿ ನಿನ್ನ ಫ್ರೆಂಡ್‌ದು ಕಳಿ, ಸೈನ್ ಸ್ಕ್ವೇರ್ ಪ್ಲಸ್ ಕಾಸ್ ಸ್ಕ್ವೇರ್ ಬೈ 2, ಅಂದ್ರೆ ಬರೀ ಅರ್ಧ. ಟಾಪರ್‌ದು ಕಳಿದ್ರೆ ಕಾಲು. ವ್ಯತ್ಯಾಸದಲ್ಲಿ ಎಕ್ಸೇ ಇಲ್ಲ ನೋಡು, ಆ ಅರ್ಧ, ಕಾಲು ಎಲ್ಲ ಸಿ ಒಳಗೆ ಸೇರ್ಕೊಳ್ಳುತ್ತೆ. ಡೌಟ್ ಬಂದ್ರೆ ಆನ್ಸರನ್ನ ತಿರುಗಿ ಡಿಫರೆನ್ಷಿಯೇಟ್ ಮಾಡಿ ನೋಡು, ಪ್ರಶ್ನೇಲಿದ್ದ ಫಂಕ್ಷನ್ ವಾಪಸ್ ಬಂದ್ರೆ ಮುಗೀತು, ಟಾಪರ್ ಸರ್ಟಿಫಿಕೇಟ್ ಬೇಕಿಲ್ಲ.

ಐದು ಮಾರ್ಕಿಗೆ ಕೇಳ್ತಾರಲ್ಲ, 1 ಬೈ ರೂಟ್ ಆಫ್ ಎಕ್ಸ್ ಸ್ಕ್ವೇರ್ ಪ್ಲಸ್ ಎ ಸ್ಕ್ವೇರ್ ಇಂಟಿಗ್ರೇಷನ್, ಅಲ್ಲೂ ಇದೇ ಜಗಳ. ಎಕ್ಸ್ = ಎ ಟ್ಯಾನ್ ಥೀಟಾ ಹಾಕಿ ಮಾಡಿದ್ರೆ ಲಾಗ್ ಒಳಗೆ ಪೂರ್ತಿ ಬೈ ಎ ಅಂತ ಬರುತ್ತೆ, ಪಾಠದ ಪುಸ್ತಕದ ಫಾರ್ಮುಲಾದಲ್ಲಿ ಆ ಎ ಇರಲ್ಲ, ಎಲ್ಲೋ ತಪ್ಪಿದೆ ಅಂತ ಗಾಬರಿಯಾಗಿ ಸರಿ ಇದ್ದದ್ದನ್ನೇ ಹೊಡೆದು ಹಾಕಿ ಬಂದೋರು ಎಷ್ಟು ಜನಾನೋ. ಲಾಗ್ ಒಳಗಿನ ಬೈ ಎ ಹೊರಗೆ ಬಂದ್ರೆ ಮೈನಸ್ ಲಾಗ್ ಎ, ಅದೂ ಒಂದು ಕಾನ್ಸ್ಟಂಟ್ ತಾನೆ.

ಆದ್ರೆ ಲಿಮಿಟ್ಸ್ ಕೊಟ್ಟಿದ್ರೆ ಈ ಆಟ ನಡೆಯಲ್ಲ. ನಿಮ್ಮ ಸೈನ್ ಎಕ್ಸ್ ಕಾಸ್ ಎಕ್ಸ್ ಲೆಕ್ಕವೇ 0 ಯಿಂದ ಪೈ ಬೈ 2 ವರೆಗೆ ಅಂದ್ರೆ ಮೂವರಿಗೂ ಅರ್ಧವೇ ಬರ್ಬೇಕು, ಒಬ್ಬನಿಗೆ ಬೇರೆ ಬಂತಂದ್ರೆ ಯಾರೋ ಒಬ್ರು ಖಂಡಿತ ತಪ್ಪಿದ್ದಾರೆ, ಹೆಚ್ಚಾಗಿ ಟಿ = ಸೈನ್ ಎಕ್ಸ್ ಅಂತ ಹಾಕಿ ಲಿಮಿಟನ್ನ 0, 1 ಅಂತ ಬದಲಾಯಿಸೋದು ಮರೆತಿರ್ತಾರೆ.

ಪ್ರಶ್ನೆ: ಮಗಳು ಫ್ರೆಂಡ್ಸ್ ಜೊತೆ ಟ್ಯಾಲಿ ಮಾಡ್ಕೊಂಡು ಬಂದವಳು ಊಟಾನೂ ಮಾಡ್ದೆ ಅಳ್ತಾ ಕೂತಿದಾಳೆ, ಇನ್ನೂ ಎರಡು ಪೇಪರ್ ಬಾಕಿ ಇದೆ. ಏನ್ ಹೇಳ್ಲಿ?
– ತುಮಕೂರಿನ ತಾಯಿ

ಉತ್ತರ: ಅಮ್ಮಾ, ಗೇಟ್ ಹತ್ರ ಬರೀ ಕೊನೇ ಉತ್ತರ ಟ್ಯಾಲಿ ಆಗುತ್ತೆ, ಪೇಪರ್ ತಿದ್ದೋರು ಹಾಗೆ ನೋಡಲ್ಲ, ಸ್ಕೀಮ್ ಆಫ್ ವ್ಯಾಲ್ಯುಯೇಷನ್ ಪ್ರಕಾರ ಹಂತ ಹಂತಕ್ಕೆ ಮಾರ್ಕ್ಸ್ ಕೊಡ್ತಾರೆ. ಕೊನೇಲಿ ತಪ್ಪಾದ್ರೂ ಅಲ್ಲೀವರೆಗಿನ ಸ್ಟೆಪ್ಸ್‌ಗೆ ಸಿಗುತ್ತೆ (ಒಂದು ಮಾರ್ಕಿನ ಎಂಸಿಕ್ಯೂಗೆ ಮಾತ್ರ ಈ ಭಾಗ್ಯ ಇಲ್ಲ). ರಿಸಲ್ಟ್ ಬಂದ್ಮೇಲೆ ಅನುಮಾನ ಉಳಿದ್ರೆ ಫೀಸ್ ಕಟ್ಟಿ ಉತ್ತರ ಪತ್ರಿಕೆಯ ಸ್ಕ್ಯಾನ್ ಕಾಪಿ ತರಿಸಿ, ಆಮೇಲೆ ಮರುಮೌಲ್ಯಮಾಪನ. 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಮಾಡ್ತಿರೋದ್ರಿಂದ ಇನ್ನೊಂದ್ಸಲ ಬರೆದು ಜಾಸ್ತಿ ಬಂದ ಮಾರ್ಕ್ಸ್ ಇಟ್ಕೋಬಹುದು. ಇವತ್ತಿಗೆ ಆ ಪ್ರಶ್ನೆಪತ್ರಿಕೆ ಎತ್ತಿಡಿ, ಮೊದಲು ಊಟ ಮಾಡ್ಸಿ.

ಪ್ರಶ್ನೆ: ಸರ್, ಡಿಫರೆನ್ಷಿಯಲ್ ಈಕ್ವೇಷನ್ನಲ್ಲಿ ಸಿ ಮರೆತಿದ್ದೆ, ಬೆಲ್ ಹೊಡಿಯೋಕೆ ಮುಂಚೆ ನೆನಪಾಗಿ ಕೊನೇ ಲೈನಲ್ಲಿ ಪ್ಲಸ್ ಸಿ ಸೇರಿಸಿದೆ. ಓಕೆ ತಾನೇ?
– ಹಾಸನದಿಂದ

ಉತ್ತರ: ಇಲ್ಲಮ್ಮ, ಇಲ್ಲಿ ಸಿ ತಡವಾಗಿ ಬಂದ್ರೆ ಉತ್ತರಾನೇ ಬದಲಾಗುತ್ತೆ. ಡಿವೈ ಬೈ ಡಿಎಕ್ಸ್ = ವೈ ಅಂತ ಇಟ್ಕೋ. ಇಂಟಿಗ್ರೇಟ್ ಮಾಡಿದ ಲೈನಲ್ಲೇ ಸಿ ಹಾಕಿದ್ರೆ ಕೊನೆಗೆ ಸಿ ಇಂಟು ಇ ಪವರ್ ಎಕ್ಸ್ ಬರುತ್ತೆ, ನೀನು ಬರೆದ ಹಾಗಾದ್ರೆ ಇ ಪವರ್ ಎಕ್ಸ್ ಪ್ಲಸ್ ಸಿ. ಅದನ್ನ ಡಿಫರೆನ್ಷಿಯೇಟ್ ಮಾಡಿದ್ರೆ ಸಿ ಹೊರಟು ಹೋಗಿ ಬರೀ ಇ ಪವರ್ ಎಕ್ಸ್ ಉಳಿಯುತ್ತೆ, ಅದು ವೈಗೆ ಸಮ ಆಗೋದು ಸಿ ಸೊನ್ನೆ ಆದಾಗ ಮಾತ್ರ. ವೇರಿಯಬಲ್ಸ್ ಬೇರೆ ಮಾಡಿದ ಸ್ಟೆಪ್‌ಗೆ ಮಾರ್ಕ್ಸ್ ಸಿಗಬಹುದು, ಕೊನೇದಕ್ಕೆ ಆಸೆ ಬಿಡು.