ಅರ್ಜಿ ಹಾಕಬೇಡಿ ಅನ್ನುವುದೂ ನನ್ನ ಕೆಲಸವೇ

ಓದುಗರ ಪ್ರಶ್ನೆ, ನಮ್ಮ ಉತ್ತರ

(ದಾವಣಗೆರೆಯಿಂದ ಹೋಗಿ ಕ್ಯಾಲಿಫೋರ್ನಿಯಾದ ಫ್ರೆಸ್ನೋದಲ್ಲಿ ನೆಲೆಸಿರುವ ಕನ್ನಡತಿಯೊಬ್ಬರು ಅಲ್ಲಿನ ಕಾನೂನು ನೆರವು ಸಂಸ್ಥೆಯೊಂದರಲ್ಲಿ ವಲಸೆ ಸಲಹೆಗಾರ್ತಿ. ಅವರ ಬಳಿ ಬರುವವರಲ್ಲಿ ಹೆಚ್ಚಿನವರು ಮೆಕ್ಸಿಕೊ, ಗ್ವಾಟೆಮಾಲಾ, ಎಲ್ ಸಾಲ್ವಡಾರ್ ಮೂಲದ ಲ್ಯಾಟಿನೋ ಕೂಲಿಕಾರರು. ಅವರ ಕೆಲಸದ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಅವರೇ ಉತ್ತರಿಸಿದ್ದಾರೆ.)

ಪ್ರಶ್ನೆ: ಅಮೆರಿಕಕ್ಕೆ ಹೋದ ನಮ್ಮವರು ಒಂದೋ ಸಾಫ್ಟ್‌ವೇರ್, ಇಲ್ಲವೇ ಡಾಕ್ಟರು. ನೀವು ಸ್ಪ್ಯಾನಿಷ್ ಮಾತಾಡುವವರ ಕಾಗದಪತ್ರ ನೋಡುವ ಕೆಲಸಕ್ಕೆ ಹೇಗೆ ಬಂದಿರಿ? — ಓದುಗಿ, ಶಿವಮೊಗ್ಗ

ಬೇಜಾರು ತಡೆಯಲಾರದೆ ಬಂದೆ ಅಂದರೆ ನಂಬುತ್ತೀರಾ? ನಾನು ಬಂದದ್ದು ಎಚ್-4 ವೀಸಾದಲ್ಲಿ, ಅಂದರೆ ಕೆಲಸದ ವೀಸಾ ಇರುವ ಗಂಡನ ಬೆನ್ನಿಗೆ. ಆ ವೀಸಾದಲ್ಲಿ ಇರಬಹುದು, ಓದಬಹುದು, ಕಾರು ಓಡಿಸಬಹುದು. ಆದರೆ ಆಗ ಒಂದು ಡಾಲರ್ ದುಡಿಯುವ ಹಾಗಿರಲಿಲ್ಲ. ಯಜಮಾನರು ಬೆಳಿಗ್ಗೆ ಹೋದರೆ ಸಂಜೆಯೇ ಬರುವುದು. ಫ್ರೆಸ್ನೋ ಅಂದರೆ ಸಾಫ್ಟ್‌ವೇರಿನವರು ತುಂಬಿರುವ ಬೇ ಏರಿಯಾ ಅಲ್ಲ, ಸುತ್ತ ದ್ರಾಕ್ಷಿ, ಬಾದಾಮಿ, ಪೀಚ್ ತೋಟಗಳ ಊರು. ಮನೆ ಹತ್ತಿರದ ಲೈಬ್ರರಿಯಲ್ಲಿ ಪೌರತ್ವ ಪರೀಕ್ಷೆಯ ಪಾಠ ಹೇಳಲು ಸ್ವಯಂಸೇವಕರು ಬೇಕು ಅಂತ ಚೀಟಿ ಅಂಟಿಸಿದ್ದರು. ಬಿಎ ಪಾಲಿಟಿಕಲ್ ಸೈನ್ಸ್ ಓದಿದ್ದಕ್ಕೆ ಕೊನೆಗೂ ಒಂದು ಉಪಯೋಗ ಸಿಕ್ಕಿತು ಅಂತ ಹೋದೆ.

ತರಗತಿಗೆ ಬರುತ್ತಿದ್ದವರು ಐವತ್ತು ದಾಟಿದ ಹೆಂಗಸರು. 1986ರಲ್ಲಿ ಅಧ್ಯಕ್ಷ ರೇಗನ್ ಸಹಿ ಹಾಕಿದ ಕಾನೂನಿನಿಂದ, ಅನುಮತಿಯಿಲ್ಲದೆ ನೆಲೆಸಿದ್ದ ಸುಮಾರು 27 ಲಕ್ಷ ಮಂದಿಗೆ ಕಾಯಂ ವಾಸದ ಕಾಗದ ಸಿಕ್ಕಿತ್ತಲ್ಲ, ಅವರಲ್ಲಿ ಹಲವರು ಇವರು. ಗ್ರೀನ್ ಕಾರ್ಡ್ ಇಟ್ಟುಕೊಂಡೇ ಮುದುಕಿಯರಾಗಿದ್ದರು, ಸಿಟಿಜನ್ ಆಗುವ ಧೈರ್ಯ ಮಾಡಿರಲಿಲ್ಲ. ಹಣ್ಣು ಪ್ಯಾಕ್ ಮಾಡುವ ಶೆಡ್ಡಿನಿಂದ ನೆಟ್ಟಗೆ ಕ್ಲಾಸಿಗೆ ಬರುವರು. ಪೀಚ್ ಹಣ್ಣಿನ ಸುಂಕು ಮೊಣಕೈವರೆಗೆ ಅಂಟಿ, ಸಂವಿಧಾನದ ತಿದ್ದುಪಡಿ ಎಷ್ಟು ಅಂತ ಕೇಳಿದರೆ ಕೈ ತುರಿಸಿಕೊಳ್ಳುತ್ತಲೇ ಉತ್ತರ ಹೇಳುವರು. ನಾನು ಅವರಿಗೆ ಸೆನೆಟ್ ಹೇಳಿಕೊಟ್ಟೆ, ಅವರು ನನಗೆ ಸ್ಪ್ಯಾನಿಷ್ ಹೇಳಿಕೊಟ್ಟರು.

ಪಾಠ ಮುಗಿದ ಮೇಲೆ ಒಬ್ಬರಾದರೂ ಬ್ಯಾಗಿನಿಂದ ಸರ್ಕಾರದ ಕಾಗದ ತೆಗೆದು, ಇದೇನು ಬರೆದಿದ್ದಾರೆ ನೋಡಿ ಅನ್ನುವರು. ಓದಿ ಹೇಳುತ್ತಿದ್ದೆ, ಅಷ್ಟೇ. ಮುಂದೇನು ಮಾಡಬೇಕು ಅಂತ ಹೇಳುವ ಹಕ್ಕು ನನಗಿರಲಿಲ್ಲ. ಆ ಹಕ್ಕು ಪಡೆಯಬೇಕು ಅಂತ ಹಟ ಹುಟ್ಟಿದ್ದು ಅಲ್ಲಿಯೇ. 2015ರ ಮೇ ತಿಂಗಳಲ್ಲಿ, ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ್ದರೆ ಎಚ್-4 ಹೆಂಗಸರೂ ದುಡಿಯಬಹುದು ಅಂತ ಒಬಾಮಾ ಸರ್ಕಾರದ ನಿಯಮ ಬಂತು. ಸಿ26 ಅಂತ ಮುದ್ರೆ ಇರುವ ಕೆಲಸದ ಪರ್ಮಿಟ್ ಕಾರ್ಡು ಕೈಗೆ ಬಂದ ಮೇಲೆ ಈ ಆಫೀಸಿನಲ್ಲಿ ರಿಸೆಪ್ಷನಿಸ್ಟ್ ಆಗಿ ಸೇರಿದೆ, ತರಬೇತಿ ತೆಗೆದುಕೊಂಡೆ. ಈಗ ನ್ಯಾಯ ಇಲಾಖೆಯ ಮಾನ್ಯತೆ ಇದೆ.

ಪ್ರಶ್ನೆ: ಎಲ್‌ಎಲ್‌ಬಿ ಕೊನೆಯ ವರ್ಷದಲ್ಲಿದ್ದೇನೆ. ನಿಮ್ಮಂತೆ ಇಮಿಗ್ರೇಷನ್ ಕನ್ಸಲ್ಟೆಂಟ್ ಆಗಲು ಏನು ಬೇಕು? ಸಂಬಳ ಹೇಗಿದೆ ಮೇಡಂ? — ವಿದ್ಯಾರ್ಥಿ, ಧಾರವಾಡ

ಸಂಬಳದ ವಿಷಯ ಮೊದಲು ಮುಗಿಸೋಣ. ಸಾಫ್ಟ್‌ವೇರಿನವರು ಸೇರಿದ ಮದುವೆ ಮನೆಯಲ್ಲಿ ಬಾಯಿಬಿಟ್ಟು ಹೇಳುವಷ್ಟಿಲ್ಲ.

ಇನ್ನು ಕೆಲಸ. ಕ್ಯಾಲಿಫೋರ್ನಿಯಾದಲ್ಲಿ 'ಇಮಿಗ್ರೇಷನ್ ಕನ್ಸಲ್ಟೆಂಟ್' ಅಂದರೆ ಕಾನೂನಿನ ಕಣ್ಣಿಗೆ ಬೇರೆಯದೇ ಜಾತಿ. ಅವರು 1 ಲಕ್ಷ ಡಾಲರ್ ಬಾಂಡ್ ಇಡಬೇಕು, ನಾನು ವಕೀಲನಲ್ಲ ಅಂತ ಬೋರ್ಡು ಹಾಕಬೇಕು, ಗಿರಾಕಿಯ ಭಾಷೆಯಲ್ಲೇ ಬರೆದ ಕರಾರು ಕೊಡಬೇಕು. ಗಿರಾಕಿ ಹೇಳಿದ್ದನ್ನು ಅನುವಾದಿಸಿ ಫಾರ್ಮಿನಲ್ಲಿ ತುಂಬಬಹುದು, ದಾಖಲೆ ತರಿಸಿಕೊಡಬಹುದು. ಯಾವ ಫಾರ್ಮು ಹಾಕಬೇಕು ಅಂತ ಹೇಳಿದರೆ ಅದು ಕಾನೂನು ಸಲಹೆ, ಅಪರಾಧ. ನಾನು ಆ ಪೈಕಿ ಅಲ್ಲ. ಲಾಭಕ್ಕಾಗಿ ನಡೆಯದ, ನ್ಯಾಯ ಇಲಾಖೆ ಒಪ್ಪಿದ ಸಂಸ್ಥೆಯಲ್ಲಿರುವ ನನ್ನಂಥವರಿಗೆ ವಕೀಲಿ ಓದದಿದ್ದರೂ 'ಮಾನ್ಯತೆ ಪಡೆದ ಪ್ರತಿನಿಧಿ' ಅಂತ ಅನುಮತಿ ಕೊಡುತ್ತಾರೆ. ಮೂರು ವರ್ಷಕ್ಕೊಮ್ಮೆ ನವೀಕರಣ. ಅರ್ಧ ಮಾನ್ಯತೆ ಇದ್ದರೆ ವಲಸೆ ಇಲಾಖೆಯ ಮುಂದೆ ಮಾತ್ರ ನಿಲ್ಲಬಹುದು, ಪೂರ್ಣ ಮಾನ್ಯತೆ ಇದ್ದರೆ ವಲಸೆ ಕೋರ್ಟಿನಲ್ಲೂ. ನನ್ನದು ಅರ್ಧ. ಆ ಸಂಸ್ಥೆ ಬಿಟ್ಟ ದಿನ ಅನುಮತಿಯೂ ಬಿಟ್ಟಿತು, ಮನೆಯಲ್ಲಿ ಕೂತು ಅಂಗಡಿ ತೆರೆಯುವ ಹಾಗಿಲ್ಲ.

ನೀವು ಹೇಗೂ ಲಾ ಓದುತ್ತಿದ್ದೀರಿ. ಇಲ್ಲಿ ಬರುವ ದಾರಿ ಇದ್ದರೆ ವಕೀಲರೇ ಆಗಿ. ವಲಸೆ ಕಾನೂನು ಒಕ್ಕೂಟ ಸರ್ಕಾರದ್ದು, ಒಂದು ರಾಜ್ಯದಲ್ಲಿ ಸನ್ನದು ಸಿಕ್ಕರೆ ಐವತ್ತು ರಾಜ್ಯದವರ ಕೇಸೂ ನೋಡಬಹುದು. ವಲಸೆ ಕೋರ್ಟಿನಲ್ಲಿ ಬಡವರಿಗೆ ಸರ್ಕಾರ ತನ್ನ ಖರ್ಚಿನಲ್ಲಿ ವಕೀಲರನ್ನು ಕೊಡುವ ಕಡ್ಡಾಯ ಇಲ್ಲ, ಆದ್ದರಿಂದ ಕೆಲಸಕ್ಕೆ ಬರ ಬರುವುದಿಲ್ಲ.

ಪ್ರಶ್ನೆ: ನನ್ನ ಮಗ ಹನ್ನೊಂದು ವರ್ಷದಿಂದ ತೆರಿಗೆ ಕಟ್ಟಿಕೊಂಡು ಗ್ರೀನ್ ಕಾರ್ಡಿಗೆ ಕಾಯುತ್ತಿದ್ದಾನೆ. ನೀವು ಬೇಲಿ ಹಾರಿ ಬಂದವರಿಗೆ ಸಹಾಯ ಮಾಡುತ್ತೀರಿ. ಸರಿಯೇ? — ಓದುಗರು, ಬೆಂಗಳೂರು

ನಿಮ್ಮ ಸಿಟ್ಟು ನನಗೆ ಹೊಸದಲ್ಲ ಸರ್, ನಮ್ಮ ಮನೆಯ ಊಟದ ಮೇಜಿನ ಮೇಲೂ ಈ ಮಾತು ಬಂದುಹೋಗಿದೆ. ನಾವೂ ಇಬಿ-2 ಅನ್ನುವ, ಹೆಚ್ಚು ಓದಿದ ಉದ್ಯೋಗಿಗಳ ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತು ಸವೆದವರೇ. ಅಮೆರಿಕದ ವಿದೇಶಾಂಗ ಇಲಾಖೆ ತಿಂಗಳು ತಿಂಗಳು ಹೊರಡಿಸುವ ವೀಸಾ ಬುಲೆಟಿನ್, ಅಂದರೆ ಯಾರ ಸರದಿ ಬಂದಿದೆ ಅನ್ನುವ ಪಟ್ಟಿ, ನಿಮ್ಮ ಮಗನ ಫೋನಿನಲ್ಲಿ ಇದ್ದೇ ಇರುತ್ತದೆ, ಒಮ್ಮೆ ನೋಡಿ. ಅದರಲ್ಲಿ ಹೆಸರು ಹಾಕಿ ಬೇರೆ ಕಾಲಂ ಕೊಟ್ಟಿರುವುದು ಈಗ ನಾಲ್ಕೇ ದೇಶಕ್ಕೆ: ಚೀನಾ, ಭಾರತ, ಮೆಕ್ಸಿಕೊ, ಫಿಲಿಪೈನ್ಸ್. ಈ ಸಾಲುಗಳ ವರ್ಷದ ಗ್ರೀನ್ ಕಾರ್ಡುಗಳಲ್ಲಿ ಒಂದು ದೇಶಕ್ಕೆ ಶೇ 7ಕ್ಕಿಂತ ಹೆಚ್ಚು ಇಲ್ಲ ಅನ್ನುವ ಮಿತಿ ನಿಮ್ಮ ಮಗನ ಕುತ್ತಿಗೆಗೂ ಅದೇ, ಮೆಕ್ಸಿಕೊದವರ ಕುತ್ತಿಗೆಗೂ ಅದೇ. ಅಣ್ಣ ಅಮೆರಿಕದ ಸಿಟಿಜನ್ ಆಗಿ ತಮ್ಮನನ್ನು ಕರೆಸಿಕೊಳ್ಳುವ ವರ್ಗದಲ್ಲಿ, ಮೆಕ್ಸಿಕೊದವರಿಗೆ ಇಪ್ಪತ್ತು ವರ್ಷಕ್ಕೂ ಹಿಂದೆ ಅರ್ಜಿ ಹಾಕಿದವರ ಸರದಿ ಈಗ ನಡೆಯುತ್ತಿದೆ. ಅವರೂ ಕಾದವರೇ.

ಇನ್ನು ಅಣ್ಣನೂ ಇಲ್ಲ, ಡಿಗ್ರಿಯೂ ಇಲ್ಲ, ದ್ರಾಕ್ಷಿ ಕೊಯ್ಯಲು ಮಾತ್ರ ಬರುತ್ತದೆ ಅನ್ನುವವರಿಗೆ? ಹೆಚ್ಚು ಕೌಶಲ ಬೇಡದ ಕೆಲಸಗಾರರಿಗೆ ಇಡೀ ಜಗತ್ತಿಗೆ ಸೇರಿ ವರ್ಷಕ್ಕೆ ಹೆಚ್ಚೆಂದರೆ 10,000 ಗ್ರೀನ್ ಕಾರ್ಡ್, ಅದೂ ಕುಟುಂಬದವರನ್ನು ಲೆಕ್ಕ ಹಿಡಿದು. ಸುಗ್ಗಿಗೆ ಬಂದು ಹೋಗುವ ಎಚ್-2ಎ ವೀಸಾ ಇದೆ, ಅದು ಸುಗ್ಗಿಗೆ ಮಾತ್ರ. ನಿಮ್ಮ ಮಗನ ಸಾಲು ಉದ್ದ, ಇವರಿಗೆ ನಿಲ್ಲಲು ಸಾಲೇ ಇಲ್ಲ. ಇಷ್ಟಾಗಿಯೂ ಬೇಲಿ ಹಾರಿದ್ದು ಸರಿ ಅಂತ ನಾನು ಹೇಳುತ್ತಿಲ್ಲ. ನನ್ನ ಮುಂದೆ ಬರುವವರಲ್ಲಿ ಬಹಳ ಜನ ಗ್ರೀನ್ ಕಾರ್ಡ್ ನವೀಕರಣಕ್ಕೆ, ಹೆಂಡತಿಯನ್ನು ಕರೆಸಿಕೊಳ್ಳುವುದಕ್ಕೆ ಬಂದವರು. ಕಾಗದ ಇಲ್ಲದವರು ಬಂದಾಗ ಕಾನೂನು ಏನಿದೆಯೋ ಅದನ್ನು ಹೇಳುತ್ತೇನೆ, ಅದು ಬಹಳ ಸಲ ಕೆಟ್ಟ ಸುದ್ದಿಯೇ. ಸಿಟಿಜನ್ ಹೆಂಡತಿ ಇದ್ದಾಳೆ, ಕಾರ್ಡು ಮಾಡಿಸಿಕೊಡಿ ಅನ್ನುತ್ತಾನೆ ಒಬ್ಬ. ತಪಾಸಣೆ ಇಲ್ಲದೆ ಗಡಿ ದಾಟಿದ ಮೆಕ್ಸಿಕೊದವನಾದರೆ ಸಾಮಾನ್ಯವಾಗಿ ಅಲ್ಲಿನ ಸ್ಯುದಾದ್ ಹ್ವಾರೆಸ್ ಊರಿನ ಅಮೆರಿಕದ ಕಾನ್ಸುಲೇಟಿಗೆ ಹೋಗಿಯೇ ವೀಸಾ ತರಬೇಕು. ಆದರೆ 1996ರ ಕಾನೂನಿನ ಪ್ರಕಾರ, ವರ್ಷಕ್ಕಿಂತ ಹೆಚ್ಚು ಕಾಗದವಿಲ್ಲದೆ ಇದ್ದವನು ಹೊರಗೆ ಕಾಲಿಟ್ಟರೆ 10 ವರ್ಷ ವಾಪಸ್ ಬರುವಂತಿಲ್ಲ. 2013ರಿಂದ ಹೊರಡುವ ಮೊದಲೇ ವಿನಾಯಿತಿ ಕೇಳಬಹುದು, ಅದು ಸಿಗುವ ಖಾತ್ರಿ ಇಲ್ಲ. ಇದನ್ನು ತಿಳಿಯದೆ ಹೊರಟುಹೋದವನ ಮಕ್ಕಳು ಇಲ್ಲಿ ಅಪ್ಪನಿಲ್ಲದೆ ಹೈಸ್ಕೂಲ್ ಮುಗಿಸುತ್ತಾರೆ.

ಒಂದು ಹಳೆಯ ಮಾತು, ನಮಗೂ ಬಾಗಿಲು ಮುಚ್ಚಿದ್ದ ಕಾಲದ್ದು. 1923ರಲ್ಲಿ, ಪಂಜಾಬಿನಿಂದ ಬಂದಿದ್ದ ಭಗತ್ ಸಿಂಗ್ ತಿಂಡ್ ಅವರ ಕೇಸಿನಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ಭಾರತೀಯರು ಪೌರರಾಗಲು ಅರ್ಹರೇ ಅಲ್ಲ ಅಂತ ತೀರ್ಪು ಕೊಟ್ಟಿತ್ತು. ಆಗ ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ದುಡಿಯುತ್ತಿದ್ದ ಪಂಜಾಬಿ ಗಂಡಸರಲ್ಲಿ ಎಷ್ಟೋ ಮಂದಿ ಮೆಕ್ಸಿಕೊದ ಹೆಣ್ಣುಮಕ್ಕಳನ್ನು ಮದುವೆಯಾಗಿ ಸಂಸಾರ ಹೂಡಿದರು. ಭಾರತೀಯರಿಗೆ ಪೌರತ್ವದ ಬಾಗಿಲು ತೆರೆದದ್ದು 1946ರಲ್ಲಿ, ಆಗಲೂ ಹೊಸದಾಗಿ ವಲಸೆ ಬರಲು ವರ್ಷಕ್ಕೆ ಬರೇ 100 ಜನಕ್ಕೆ ಅವಕಾಶ. ಹತ್ತೇ ವರ್ಷದಲ್ಲಿ, 1956ರಲ್ಲಿ, ಪಂಜಾಬಿನಲ್ಲಿ ಹುಟ್ಟಿದ ದಲೀಪ್ ಸಿಂಗ್ ಸೌಂಡ್ ಕ್ಯಾಲಿಫೋರ್ನಿಯಾದಿಂದ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿಗೆ ಆರಿಸಿ ಬಂದರು.

ಪ್ರಶ್ನೆ: ಸ್ಪ್ಯಾನಿಷ್ ಕಲಿತರೆ ಈ ಕೆಲಸಕ್ಕೆ ಸಾಕೇ? — ಓದುಗಿ, ಹಾಸನ

ಸಾಲದು. ಮೆಕ್ಸಿಕೊದ ಒಹಾಕಾ ಕಡೆಯಿಂದ ಬಂದ ಎಷ್ಟೋ ಜನರ ಮನೆಮಾತು ಮಿಶ್ಟೆಕ್. ಸ್ಪ್ಯಾನಿಷ್‌ನಲ್ಲಿ ಏನು ಕೇಳಿದರೂ 'ಸೀ, ಸೀ' ಅಂತ ತಲೆಯಾಡಿಸುತ್ತಾರೆ. ದಾವಣಗೆರೆ ತಾಲ್ಲೂಕು ಕಚೇರಿಯಲ್ಲಿ ತಾಂಡಾದ ಅಜ್ಜಿಯೊಬ್ಬಳು ಗುಮಾಸ್ತನ ಕನ್ನಡಕ್ಕೆ ಹೀಗೇ ಹೂಂಗುಟ್ಟಿದ್ದನ್ನು ನಾನು ಕಂಡಿದ್ದೇನೆ. ಅರ್ಥವಾಯಿತಾ ಅಂತ ನಾನು ಕೇಳುವುದಿಲ್ಲ. ನಾನು ಹೇಳಿದ್ದನ್ನು ನಿಮ್ಮ ಮಾತಿನಲ್ಲಿ ವಾಪಸ್ ಹೇಳಿ ಅನ್ನುತ್ತೇನೆ. ಬಾರದಿದ್ದರೆ ಮಿಶ್ಟೆಕ್ ದುಭಾಷಿ ಬರುವವರೆಗೆ ಫೈಲು ಮುಟ್ಟುವುದಿಲ್ಲ.

ಪ್ರಶ್ನೆ: ನಮ್ಮ ಮನೆ ಕ್ಲೀನಿಂಗ್‌ಗೆ ಬರುವ ಗ್ವಾಟೆಮಾಲಾದ ಹೆಂಗಸು ಹನ್ನೆರಡು ವರ್ಷದಿಂದ ಇಲ್ಲಿದ್ದಾರೆ, ಮಕ್ಕಳಿಬ್ಬರೂ ಇಲ್ಲೇ ಹುಟ್ಟಿದವರು. 'ಹತ್ತು ವರ್ಷ ಆಗಿದೆ, ಕಾರ್ಡ್ ಮಾಡಿಸಿಕೊಡುತ್ತೇವೆ' ಅಂತ, ತೆರಿಗೆ ಫಾರ್ಮು ತುಂಬಿಕೊಡುವ ಟ್ಯಾಕ್ಸ್ ಅಂಗಡಿಯೊಂದು 4,000 ಡಾಲರ್ ತೆಗೆದುಕೊಂಡಿದೆ. ಕೆಲಸದ ಪರ್ಮಿಟ್ ಬಂದಿದೆ, ಈಗ ಇಂಟರ್‌ವ್ಯೂಗೆ ಕರೆದಿದ್ದಾರೆ. ಇದು ನಿಜವೇ? — ಓದುಗಿ, ಸನ್ನಿವೇಲ್, ಕ್ಯಾಲಿಫೋರ್ನಿಯಾ

ಪರ್ಮಿಟ್ ನಿಜ, ಕಥೆ ಸುಳ್ಳು. ಆ ಕಾರ್ಡನ್ನು ತೋರಿಸಲು ಹೇಳಿ. ನಿಮ್ಮ ಎಚ್-4 ಗೆಳತಿಯರ ಕಾರ್ಡಿನಲ್ಲಿ 'ಕ್ಯಾಟಗರಿ' ಎದುರು ಸಿ26 ಇರುತ್ತದಲ್ಲ, ಇವರದರಲ್ಲಿ ಬಹುಶಃ ಸಿ08 ಅಂತ ಇರುತ್ತದೆ. ಹಾಗಿದ್ದರೆ ಅಂಗಡಿಯವನು ಹಾಕಿರುವುದು ಆಶ್ರಯ ಕೋರುವ ಅರ್ಜಿ, ಅಸೈಲಂ. ನನ್ನ ದೇಶಕ್ಕೆ ಹೋದರೆ ನನಗೆ ಹಿಂಸೆ ಆಗುತ್ತದೆ ಅಂತ ಪ್ರಮಾಣ ಮಾಡಿ ಹೇಳುವ ಅರ್ಜಿ ಅದು. ಬಂದ ಒಂದು ವರ್ಷದೊಳಗೆ ಹಾಕಬೇಕು, ಆಮೇಲೆ ಹಾಕಲು ತಕ್ಕ ಕಾರಣ ಬೇಕು. 2025ರ ಜುಲೈವರೆಗೆ ಅದಕ್ಕೆ ಸರ್ಕಾರದ ಶುಲ್ಕವೇ ಇರಲಿಲ್ಲ. ಹಾಗಾದರೆ ಆ 4,000 ಯಾವುದಕ್ಕೆ ಹೋಯಿತು, ನೀವೇ ಲೆಕ್ಕ ಹಾಕಿ.

ಹತ್ತು ವರ್ಷದ ಕಾರ್ಡ್ ಅಂತ ಅರ್ಜಿಯೇ ಇಲ್ಲ. ಇರುವುದು ಇಷ್ಟು: ಗಡೀಪಾರಿನ ಕೇಸು ನಡೆಯುವಾಗ ವಲಸೆ ನ್ಯಾಯಾಧೀಶರ ಮುಂದೆ ನಿಂತು, ನಾನು 10 ವರ್ಷದಿಂದ ಇದ್ದೇನೆ, ನಡತೆ ಚೆನ್ನಾಗಿದೆ, ನನ್ನನ್ನು ಕಳಿಸಿದರೆ ಇಲ್ಲಿಯ ಪೌರರಾದ ನನ್ನ ಮಕ್ಕಳಿಗೆ ಸಾಮಾನ್ಯ ಕಷ್ಟವಲ್ಲ, ತೀರಾ ಅಸಾಧಾರಣ ಕಷ್ಟ ಆಗುತ್ತದೆ ಅಂತ ರುಜುವಾತು ಮಾಡಿದರೆ ಕೇಸು ರದ್ದಾಗಿ ಗ್ರೀನ್ ಕಾರ್ಡ್ ಸಿಗಬಹುದು. ದೇಶಕ್ಕೆಲ್ಲ ಸೇರಿ ವರ್ಷಕ್ಕೆ 4,000 ಮಂದಿಗೆ ಮಾತ್ರ. ಅದನ್ನು ಕೇಳಲು ಮೊದಲು ಗಡೀಪಾರಿನ ಕೋರ್ಟಿಗೆ ಬೀಳಬೇಕು. ಅಂಗಡಿಯವನು ಆಕೆಗೆ ತಿಳಿಸದೆ ಅಸೈಲಂ ಅರ್ಜಿ ಹಾಕಿ, ಅದು ಬಿದ್ದರೆ ಆಕೆ ಅಲ್ಲಿಗೇ ಹೋಗಿ ನಿಲ್ಲುವ ಹಾಗೆ ಮಾಡಿದ್ದಾನೆ. ಜ್ವರ ಬಂದವನಿಗೆ ಆಸ್ಪತ್ರೆ ಸಿಗಲಿ ಅಂತ ಕಾಲು ಮುರಿದ ಹಾಗೆ.

ನನ್ನ ಮುಂದೆ ಕೂತ ಒಬ್ಬರಿಗೆ (ಗುರುತು ಸಿಗದ ಹಾಗೆ ಹೇಳುತ್ತೇನೆ) ಅವರದೇ ಅರ್ಜಿಯನ್ನು ಸ್ಪ್ಯಾನಿಷ್‌ನಲ್ಲಿ ಓದಿ ಹೇಳಿದೆ. ಸೋದರಮಾವನನ್ನು ಗ್ಯಾಂಗಿನವರು ಕೊಂದರು, ನನಗೂ ಬೆದರಿಕೆ ಬಂತು ಅಂತ ಎರಡು ಪುಟ ಇತ್ತು. ಆಕೆ ಮಧ್ಯೆ ತಡೆದು, ನಮ್ಮಮ್ಮನಿಗೆ ಅಣ್ಣತಮ್ಮಂದಿರೇ ಇಲ್ಲವಲ್ಲ ಅಂದರು. ಕೆಳಗೆ ಸಹಿ ಅವರದೇ. ಖಾಲಿ ಫಾರ್ಮಿಗೆ ಹಾಕಿಸಿಕೊಂಡಿದ್ದರು. ಬೇಕೆಂದೇ ಸುಳ್ಳು ಅಸೈಲಂ ಅರ್ಜಿ ಹಾಕಿದ್ದಾರೆ ಅಂತ ನ್ಯಾಯಾಧೀಶರು ಬರೆದರೆ ಮುಂದೆಂದೂ ಹೆಚ್ಚುಕಡಿಮೆ ಯಾವ ವಲಸೆ ಸೌಲಭ್ಯವೂ ಇಲ್ಲ. 'ತಯಾರಿಸಿದವರು' ಅನ್ನುವ ಕಡೆ ಅಂಗಡಿಯವನ ಹೆಸರೇ ಇರಲಿಲ್ಲ.

ನಿಮ್ಮ ಮನೆಗೆ ಬರುವವರು ಇಂಟರ್‌ವ್ಯೂ ತಪ್ಪಿಸಬಾರದು, ಒಬ್ಬರೇ ಹೋಗಲೂಬಾರದು. ಕಾರ್ಡಿನ ಮೇಲೆ 'USCIS#' ಅಂತ ಇರುವ ಕಡೆಯ ಒಂಬತ್ತು ಅಂಕಿಯನ್ನು ವಲಸೆ ಕೋರ್ಟಿನ ವೆಬ್‌ಸೈಟಿನಲ್ಲಿ ಹಾಕಿದರೆ ಕೇಸು ಕೋರ್ಟಿಗೆ ಹೋಗಿದೆಯೇ ಅಂತ ತಿಳಿಯುತ್ತದೆ. ಅಂಗಡಿಯಿಂದ ಇಡೀ ಅರ್ಜಿಯ ಪ್ರತಿ ಕೇಳಲಿ. ಕ್ಯಾಲಿಫೋರ್ನಿಯಾ ಕಾನೂನಿನಲ್ಲಿ ಪ್ರತಿ ಕೊಡಲೇಬೇಕು, ಮೂಲ ದಾಖಲೆ ಇಟ್ಟುಕೊಳ್ಳುವ ಹಾಗಿಲ್ಲ. ಕೊಡದಿದ್ದರೆ ಮಾಹಿತಿ ಹಕ್ಕಿನಡಿ ಸರ್ಕಾರದಿಂದಲೇ ತರಿಸಬಹುದು, ತಡವಾಗುತ್ತದೆ ಅಷ್ಟೇ. ಮಾನ್ಯತೆ ಪಡೆದ ಸಂಸ್ಥೆಗಳ ಪಟ್ಟಿ ನ್ಯಾಯ ಇಲಾಖೆಯ ಜಾಲತಾಣದಲ್ಲಿದೆ, ಅಲ್ಲಿ ನೋಡಿ ಈ ವಾರವೇ ಹೋಗಲಿ. ಅರ್ಜಿ ಹಿಂತೆಗೆಯುವುದೋ ಬೇಡವೋ ಅನ್ನುವುದು ವಕೀಲರ ಮಾತು, ನಿಮ್ಮದೂ ಅಲ್ಲ, ಈ ಅಂಕಣದ್ದೂ ಅಲ್ಲ. ಹಣ ಕೊಟ್ಟ ರಸೀದಿ, ಅಂಗಡಿಯವನ ಮೆಸೇಜು ಯಾವುದನ್ನೂ ಅಳಿಸಬೇಡಿ ಅನ್ನಿ. ನೀವು ಮಾಡಬಹುದಾದ್ದು, ಆ ದಿನ ಕಾರಿನಲ್ಲಿ ಕರೆದುಕೊಂಡು ಹೋಗಿ. ಮಕ್ಕಳನ್ನು ನಿಮ್ಮನೆಯಲ್ಲಿ ಕೂರಿಸಿಕೊಳ್ಳಿ. ದಿನಗೂಲಿ ಕಡಿಯಬೇಡಿ.

ಪ್ರಶ್ನೆ: ಅಮ್ಮನಿಗೆ 68. ಗ್ರೀನ್ ಕಾರ್ಡ್ ಬಂದು ಆರು ವರ್ಷ, ನ್ಯೂಜೆರ್ಸಿಯಲ್ಲಿ ಅಣ್ಣನ ಮನೆಯಲ್ಲಿದ್ದಾರೆ. ಪ್ರತಿ ವರ್ಷ ಏಳು ತಿಂಗಳು ಇಲ್ಲಿಗೆ ಬಂದಿರುತ್ತಾರೆ. ಇಂಗ್ಲಿಷ್ ಬಾರದು. 1,500 ಡಾಲರ್ ಕೊಟ್ಟರೆ ವಯಸ್ಸಿನ ಮೇಲೆ ಪರೀಕ್ಷೆ ಇಲ್ಲದೆ ಸಿಟಿಜನ್‌ಶಿಪ್ ಮಾಡಿಸುತ್ತೇನೆ ಅಂತ ಒಬ್ಬರು ಹೇಳುತ್ತಿದ್ದಾರೆ. — ಓದುಗರು, ಮೈಸೂರು

ಕೊಡಬೇಡಿ. ವಯಸ್ಸು 55 ದಾಟಿ ಗ್ರೀನ್ ಕಾರ್ಡಿನಲ್ಲಿ 15 ವರ್ಷ ಇದ್ದವರಿಗೆ, ಇಲ್ಲವೇ 50 ದಾಟಿ 20 ವರ್ಷ ಇದ್ದವರಿಗೆ ಇಂಗ್ಲಿಷ್ ಮಾಫಿ. ಅವರೂ ಪೌರನೀತಿಯ ಪ್ರಶ್ನೆಗಳಿಗೆ ಉತ್ತರಿಸಬೇಕು, ದುಭಾಷಿ ಇಟ್ಟುಕೊಂಡು ಕನ್ನಡದಲ್ಲೇ ಹೇಳಬಹುದು. ನಿಮ್ಮ ಅಮ್ಮನಿಗೆ ಬರೇ ಆರು ವರ್ಷ. ಅಂಗವೈಕಲ್ಯ ಅಥವಾ ಮರೆವಿನಂಥ ಕಾಯಿಲೆ ಇದ್ದರೆ ವೈದ್ಯರು ತುಂಬುವ ಎನ್-648 ಅನ್ನುವ ವಿನಾಯಿತಿ ಫಾರ್ಮು ಇದೆ. ಮುಪ್ಪು ಕಾಯಿಲೆಯಲ್ಲ. ಆ ಮನುಷ್ಯ ಸುಳ್ಳು ಸರ್ಟಿಫಿಕೇಟ್ ಮಾಡಿಸುವ ಆಲೋಚನೆಯಲ್ಲಿದ್ದರೆ ಗ್ರೀನ್ ಕಾರ್ಡಿಗೇ ಸಂಚಕಾರ.

ಅದಕ್ಕೂ ಮೊದಲು ತಿಂಗಳ ಲೆಕ್ಕ ನೋಡಿ. ಅರ್ಜಿಗೆ ಮುಂಚಿನ ಐದು ವರ್ಷದಲ್ಲಿ 30 ತಿಂಗಳು ಅಮೆರಿಕದ ನೆಲದಲ್ಲಿ ಇದ್ದಿರಬೇಕು. ವರ್ಷಕ್ಕೆ ಏಳು ತಿಂಗಳು ಮೈಸೂರಾದರೆ ಉಳಿದದ್ದು ಐದು, ಐದು ವರ್ಷಕ್ಕೆ 25. ಪರೀಕ್ಷೆಯವರೆಗೂ ಹೋಗುವುದಿಲ್ಲ, ಅರ್ಜಿ ಅಲ್ಲೇ ಬಿತ್ತು. ಕಾಗದದಲ್ಲಿ 760 ಡಾಲರ್, ಆನ್‌ಲೈನ್‌ನಲ್ಲಿ 710, ಕಟ್ಟಿದ ಶುಲ್ಕ ವಾಪಸ್ ಬರುವುದಿಲ್ಲ. ಒಂದೇ ಸಲ ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ವಾಸ ಮುರಿದಿದೆ ಅಂತಲೇ ಇಲಾಖೆ ಹಿಡಿಯುತ್ತದೆ, ಇಲ್ಲ ಅಂತ ತೋರಿಸುವ ಭಾರ ಅಮ್ಮನ ಮೇಲೆ. ಹೀಗೇ ಮುಂದುವರಿದರೆ ನೀವು ಅಮೆರಿಕದಲ್ಲಿ ವಾಸವೇ ಇಲ್ಲ ಅಂತ ಏರ್‌ಪೋರ್ಟಿನಲ್ಲಿ ಕಾರ್ಡಿನ ಬಗ್ಗೆಯೇ ಪ್ರಶ್ನೆ ಎದ್ದೀತು.

ಅಮ್ಮನಿಗೆ ಸಿಟಿಜನ್ ಆಗುವ ಮನಸ್ಸು ಇದೆಯೇ, ಅಥವಾ ಅಣ್ಣನಿಗೇ? ಅಲ್ಲಿ ಪ್ರಮಾಣ ಮಾಡಿದ ದಿನವೇ ಭಾರತದ ಪೌರತ್ವ ಹೋಗುತ್ತದೆ, ಪಾಸ್‌ಪೋರ್ಟ್ ಒಪ್ಪಿಸಬೇಕು, ಮೈಸೂರಿಗೆ ಬಂದು ಹೋಗಲು, ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಒಸಿಐ ಕಾರ್ಡೋ ವೀಸಾವೋ ಬೇಕು. ಕೇಳಿ ನೋಡಿ. ಸದ್ಯಕ್ಕೆ ಆ 1,500ರಲ್ಲಿ ಅಮ್ಮನಿಗೆ ವಿಮಾನದ ಟಿಕೆಟ್ ತೆಗೆಯಿರಿ, ಹೋಗುವುದಕ್ಕೂ ಬರುವುದಕ್ಕೂ ಸೇರಿಸಿ. ಅಮೆರಿಕಕ್ಕೆ ವಾಪಸ್ ಹೊರಡುವ ತಾರೀಕು ಮಾತ್ರ ಆರು ತಿಂಗಳ ಒಳಗೆ ಇರಲಿ.