ಆಪ್ತಸಲಹೆ ಪ್ರಕರಣ: ಹೆಬ್ಬೆರಳು ಎತ್ತುವ ಕ್ಷಣ

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಅವರು ಬಂದಿದ್ದು ನಿದ್ದೆ ಬರುತ್ತಿಲ್ಲ ಅಂತ. ವಯಸ್ಸು ಮೂವತ್ತು ದಾಟಿದೆ. ಪ್ರಾಣಿಗಳ ಶೆಲ್ಟರ್ ಒಂದರಲ್ಲಿ 9 ವರ್ಷದಿಂದ ಕೆಲಸ. ಗೂಡು ತೊಳೆಯುವುದು, ಊಟ ಹಾಕುವುದು, ಹೊಸದಾಗಿ ಬಂದ ನಾಯಿಗಳ ಹೆದರಿಕೆ ಬಿಡಿಸುವುದು. ಜೊತೆಗೆ ಇನ್ನೊಂದು ಕೆಲಸವೂ ಇತ್ತು. ದಯಾಮರಣದ ಇಂಜೆಕ್ಷನ್ ಕೊಡುವಾಗ ನಾಯಿಯನ್ನು ಹಿಡಿದುಕೊಳ್ಳುವುದು.

ತಲೆನೋವು, ಮನೆಯವರ ಮೇಲೆ ಸಿಡುಕು ಅಂತ ಅರ್ಧ ಗಂಟೆ ಮಾತಾಡಿದರು. ಆಮೇಲೆ ಬಲಗೈ ಹೆಬ್ಬೆರಳು ತೋರಿಸಿ, "ಇದು ಮೇಡಂ" ಅಂದರು.

ನನಗೆ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಹಿಡಿಯುವವರು ಒಂದು ತೋಳಿನಿಂದ ನಾಯಿಯನ್ನು ಎದೆಗೆ ಒತ್ತಿಕೊಳ್ಳುತ್ತಾರೆ. ಇನ್ನೊಂದು ಕೈಯಲ್ಲಿ ಮುಂಗಾಲನ್ನು ಮೊಣಕೈ ಹತ್ತಿರ ಹಿಡಿದು ಹೆಬ್ಬೆರಳಿಂದ ಅದುಮುತ್ತಾರೆ. ಆಗ ರಕ್ತನಾಳ ಉಬ್ಬುತ್ತದೆ. ಡಾಕ್ಟರ್ ಸೂಜಿ ಚುಚ್ಚುತ್ತಾರೆ. ಸಿರಿಂಜಿನಲ್ಲಿ ಎಳೆಯಷ್ಟು ರಕ್ತ ಕಂಡ ಮೇಲೆ "ಬಿಡಿ" ಅನ್ನುತ್ತಾರೆ. ಹೆಬ್ಬೆರಳು ಎತ್ತಬೇಕು. ಎತ್ತಿದ ಮೇಲೆಯೇ ಔಷಧಿ ಮೇಲಕ್ಕೆ ಹರಿಯುವುದು.

"ಡಾಕ್ಟರ್ ಅಲ್ಲ ಮೇಡಂ, ನಾನೇ. ನಾನು ಬೆರಳು ಎತ್ತದಿದ್ರೆ ಅದು ಸಾಯಲ್ಲ."

ಮನೆಯಲ್ಲಿ ಅವರ ನಾಯಿ ಕಾಲು ಕೊಡಲು ಬಂದರೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರಂತೆ. ಮೂರು ತಿಂಗಳಿಂದ ಹೀಗೇ.

ಸಾಯಬೇಕು ಅನ್ನೋ ಯೋಚನೆ ಬರುತ್ತಾ ಅಂತ ನೇರವಾಗಿ ಕೇಳಿದೆ. ಈ ಕೆಲಸದಲ್ಲಿರುವ ಎಲ್ಲರನ್ನೂ ಕೇಳುತ್ತೇನೆ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅನ್ನುವುದು ಸುಳ್ಳು. ಇಲ್ಲ ಅಂದರು. ನಿದ್ದೆಯ ವಿಷಯಕ್ಕೆ ಮನೋವೈದ್ಯರ ಹತ್ತಿರ ಕಳಿಸಿದೆ.

ಆ ದಿನ ನಾನೊಂದು ತಪ್ಪು ಮಾಡಿದೆ. ಹೊರಡುವಾಗ, "ನೋವಿಂದ ಬಿಡುಗಡೆ ಮಾಡ್ತಿದ್ದೀರಲ್ವಾ" ಅಂದೆ. ಅವರು ತಲೆಯಾಡಿಸಿ ಎದ್ದು ಹೋದರು. ಮುಂದಿನ ವಾರ ಬಂದು ಕೂತವರೇ ಹೇಳಿದರು: "ಎಲ್ಲರೂ ಅದನ್ನೇ ಹೇಳ್ತಾರೆ. ಪುಣ್ಯದ ಕೆಲಸ ಅಂತಾರೆ. ಆದ್ರೆ ಅದಕ್ಕೆ ನೋವೇ ಇರಲಿಲ್ಲ ಮೇಡಂ."

ಯಾವುದಕ್ಕೆ? ಆಗ ಗಂಟು ಬಿಚ್ಚಿತು.

ಒಂದೇ ಬೆಳಿಗ್ಗೆ ಎರಡು ನಾಯಿ. ಮೊದಲನೆಯದು ಮುದಿ ನಾಯಿ, ಹಿಂಗಾಲಿನ ಮೂಳೆಯಲ್ಲಿ ಕ್ಯಾನ್ಸರ್. ನೋವಿನ ಔಷಧಿ ಹಿಡಿಯುತ್ತಿರಲಿಲ್ಲ. ಊಟ ಬಿಟ್ಟಿತ್ತು. ಎರಡನೆಯದು ಕಪ್ಪು ನಾಯಿ, ಎರಡು ವರ್ಷದ್ದು, ಗಟ್ಟಿಮುಟ್ಟಾಗಿತ್ತು. ನಾಲ್ಕು ತಿಂಗಳಾದರೂ ಯಾರೂ ಸಾಕಲು ಒಯ್ದಿರಲಿಲ್ಲ. ಆ ವಾರ ಒಟ್ಟಿಗೇ ತುಂಬಾ ನಾಯಿಗಳು ಬಂದು ಗೂಡು ಸಾಲದಾಯಿತು. ಪಟ್ಟಿ ಮಾಡಿದವರೂ ಇವರೇ, ಹಿಡಿದುಕೊಂಡವರೂ ಇವರೇ. ವಾಕಿಂಗ್ ಅಂತ ತಿಳಿದು ಅದು ಬೆಲ್ಟನ್ನು ತಾನೇ ಬಾಯಲ್ಲಿ ಕಚ್ಚಿಕೊಂಡು ಆ ಕೋಣೆಗೆ ನಡೆಯಿತಂತೆ.

ರಿಜಿಸ್ಟರಿನಲ್ಲಿ ಎರಡಕ್ಕೂ ಒಂದೇ ಪದ, ದಯಾಮರಣ.

ಮುದಿ ನಾಯಿಗಾಗಿ ಅವರು ಅತ್ತಿದ್ದರು, ಆಮೇಲೆ ಹಗುರವಾಗಿದ್ದರು. ಅದು ದುಃಖ. ಕಪ್ಪು ನಾಯಿಯ ವಿಷಯ ಬೇರೆ. ಅದು ತಪ್ಪು ಅಂತ ಮನಸ್ಸು ಹೇಳುತ್ತಿದ್ದಾಗಲೇ ಕೈ ಆ ಕೆಲಸ ಮಾಡಿತು. ಇದಕ್ಕೆ ಮಾರಲ್ ಇಂಜುರಿ ಅನ್ನುತ್ತಾರೆ, ಮನಸ್ಸಾಕ್ಷಿಗೆ ಬಿದ್ದ ಪೆಟ್ಟು. ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರಿಗೆ ಚಿಕಿತ್ಸೆ ಕೊಡುತ್ತಿದ್ದ ಜೊನಾಥನ್ ಶೇ ಎಂಬ ಮನೋವೈದ್ಯರು 1990ರ ದಶಕದಲ್ಲಿ ಈ ಪದವನ್ನು ಬಳಕೆಗೆ ತಂದರು. ಅದೇ ದಶಕದಲ್ಲಿ ಆರ್ನಾಲ್ಡ್ ಆರ್ಲೂಕ್ ಎಂಬ ಸಮಾಜಶಾಸ್ತ್ರಜ್ಞರು ಶೆಲ್ಟರ್ ಕೆಲಸಗಾರರ ನಡುವೆ ಇದ್ದು, ಸಾಕುವ ಕೈಯೇ ಕೊಲ್ಲಬೇಕಾದ ಇಕ್ಕಟ್ಟಿನ ಬಗ್ಗೆ ಬರೆದರು. ಇದನ್ನು ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: "ಅಂದ್ರೆ ನನಗೆ ಹುಚ್ಚು ಹಿಡಿದಿಲ್ಲ, ಅಲ್ವಾ?"

ಇಂಥ ಪೆಟ್ಟಿಗೆ "ಬಿಡುಗಡೆ ಕೊಟ್ಟಿರಿ" ಅನ್ನುವ ಸಮಾಧಾನ ಹಾಕಿದರೆ ಇನ್ನೂ ಜಾಸ್ತಿ ಉರಿಯುತ್ತದೆ. ಅದು ನಿಜವಲ್ಲ ಅಂತ ಅವರಿಗೇ ಗೊತ್ತಿರುತ್ತದೆ. ನಾನು ಕ್ಷಮೆ ಕೇಳಿದೆ.

ಶೆಲ್ಟರನ್ನು ನಾನು ದೂರುತ್ತಿಲ್ಲ. ಬಂದ ಯಾವ ಪ್ರಾಣಿಗೂ ಬಾಗಿಲು ಹಾಕದ ಕಡೆ ಜಾಗ ಮುಗಿದೇ ಮುಗಿಯುತ್ತದೆ. ಗೂಡಿಗೆ ಎರಡು ಮೂರು ತುಂಬಿಸಿದರೆ ಕಚ್ಚಾಟ ಶುರುವಾಗುತ್ತದೆ, ಪಾರ್ವೋ ಅನ್ನುವ ಅಂಟುರೋಗ ಬಂದರೆ ಮರಿಗಳು ಸಾಲಾಗಿ ಸಾಯುತ್ತವೆ. "ನಾವು ಕೊಲ್ಲುವುದಿಲ್ಲ" ಅನ್ನುವ ಕೆಲವು ಕಡೆ ತುಂಬಿದ ಮೇಲೆ ಬಾಗಿಲು ಹಾಕುತ್ತಾರೆ. ಅಲ್ಲಿಂದ ವಾಪಸಾದ ನಾಯಿಗಳು ಬಂದು ಸೇರುವುದು ಇವರಂಥವರ ಬಾಗಿಲಿಗೇ. ಆದರೂ ಜಾಗ ಸಾಲದೆ ಆದ ಸಾವನ್ನು ದಯೆ ಅಂತ ಬರೆಯುವುದನ್ನು ನಾನು ಒಪ್ಪಲಾರೆ.

ಅದಕ್ಕೇ ನನ್ನ ಮೊದಲ ಸಲಹೆ ಸಣ್ಣದು. ನಿಮ್ಮ ಸ್ವಂತ ಪುಸ್ತಕದಲ್ಲಾದರೂ ಎರಡನ್ನೂ ಬೇರೆ ಬೇರೆ ಪುಟದಲ್ಲಿ ಬರೆಯಿರಿ. ಒಂದರಲ್ಲಿ ಕಾಯಿಲೆಯ ಹೆಸರು, ಇನ್ನೊಂದರಲ್ಲಿ "ಜಾಗ ಇರಲಿಲ್ಲ" ಅಂತ ಇದ್ದದ್ದು ಇದ್ದ ಹಾಗೆ.

ಎರಡನೆಯದು, ಪಟ್ಟಿ ಮಾಡುವ ಕೆಲಸ ಒಬ್ಬರ ತಲೆ ಮೇಲೆ ಇರಬಾರದು. ಡಾಕ್ಟರ್, ಮೇಲ್ವಿಚಾರಕರು, ಗೂಡು ನೋಡಿಕೊಳ್ಳುವವರಲ್ಲಿ ಒಬ್ಬರು, ಹೀಗೆ ಮೂವರು ಕೂತು, ಕಾರಣ ಬರೆದು, ಮೂವರೂ ಸಹಿ ಹಾಕಬೇಕು. ಕಾಯಿಲೆಯ ನಾಯಿಗಾದರೆ ಅಳತೆಗೋಲು ಇದೆ. ಆಲಿಸ್ ವಿಲ್ಲಲೊಬೋಸ್ ಎಂಬ ಪಶುವೈದ್ಯೆ 2004ರಲ್ಲಿ ಮಾಡಿದ್ದು. ನೋವು, ಹಸಿವು, ನೀರು, ಶುಚಿ, ಖುಷಿ, ಓಡಾಟ, ಕೆಟ್ಟ ದಿನಕ್ಕಿಂತ ಒಳ್ಳೆಯ ದಿನ ಜಾಸ್ತಿಯೇ ಅನ್ನುವುದು, ಹೀಗೆ ಏಳು ವಿಷಯ. ಒಂದೊಂದಕ್ಕೆ 10 ಅಂಕ. ಒಟ್ಟು 35 ದಾಟಿದರೆ ಆರೈಕೆ ಮುಂದುವರಿಸಬಹುದು ಅಂತ. ಅವರು ಆ ಕಪ್ಪು ನಾಯಿಗೂ ಅಂಕ ಹಾಕಿ ತಂದಿದ್ದರು. 66. ಆ ಚೀಟಿಯನ್ನು ನನ್ನ ಕೈಗೆ ಕೊಟ್ಟು, ಬಹಳ ಹೊತ್ತು ಅತ್ತರು. ನಾನು ಏನೂ ಹೇಳಲಿಲ್ಲ.

ಮೂರನೆಯದು, ಜಾಗದ ಕಾರಣಕ್ಕೆ ಆಗುವ ಯಾವುದಕ್ಕೂ ದಿನಾ ಊಟ ಹಾಕಿದವರು ಹಿಡಿಯಲು ಹೋಗಬಾರದು. ಕಾಯಿಲೆಯದ್ದಕ್ಕೆ ಹೋಗಬಹುದು, ಪರಿಚಯದ ಕೈ ಅದಕ್ಕೆ ಧೈರ್ಯ. ಒಂದು ಮುಗಿದ ಕೂಡಲೇ ಇನ್ನೊಂದನ್ನು ತರುವುದು ಬೇಡ. ಹತ್ತು ನಿಮಿಷ ಹೊರಗೆ ಕೂರಿ.

ಇನ್ನೊಂದು ಭಯವೂ ಇತ್ತು. ಇಂಜೆಕ್ಷನ್ ಆಗಿ ಎರಡು ನಿಮಿಷಕ್ಕೆ ಕಪ್ಪು ನಾಯಿ ಜೋರಾಗಿ ಉಸಿರೆಳೆದಿತ್ತಂತೆ. ಕಣ್ಣು ತೆರೆದೇ ಇತ್ತಂತೆ. ಜೀವ ಇತ್ತೇನೋ ಅಂತ ರಾತ್ರಿಯೆಲ್ಲ ಅದೇ ಯೋಚನೆ. ಇದಕ್ಕೆ ಉತ್ತರ ನನ್ನದಲ್ಲ, ಡಾಕ್ಟರನ್ನೇ ಕೇಳಿ ಅಂದೆ. ಡಾಕ್ಟರ್ ಅವರನ್ನು ಕೂರಿಸಿಕೊಂಡು ವಿವರಿಸಿದರು. ಆ ಇಂಜೆಕ್ಷನ್ನಿನ ಔಷಧಿ ಪೆಂಟೋಬಾರ್ಬಿಟಾಲ್, ಅದು ಕೆಲವೇ ಕ್ಷಣಗಳಲ್ಲಿ ಮೊದಲು ಪ್ರಜ್ಞೆ ತೆಗೆಯುತ್ತದೆ. ಆಮೇಲೆ ಉಸಿರು ನಿಲ್ಲುತ್ತದೆ, ಆಮೇಲೆ ಹೃದಯ. ಕೊನೆಯ ಆ ಉಸಿರು ದೇಹದ ತಾನಾಗಿ ಆಗುವ ಚಲನೆ, ನಾಯಿಗೆ ಅದು ತಿಳಿಯುವುದಿಲ್ಲ. ಕಣ್ಣು ತಾನಾಗಿ ಮುಚ್ಚಿಕೊಳ್ಳುವುದೂ ಇಲ್ಲ. ಇಷ್ಟನ್ನು 9 ವರ್ಷದಲ್ಲಿ ಯಾರೂ ಅವರಿಗೆ ಹೇಳಿರಲಿಲ್ಲ. ಆ ವಾರದಿಂದ ನಿದ್ದೆ ಸ್ವಲ್ಪ ಸುಧಾರಿಸಿತು.

ಸಿಟ್ಟು ಮಾತ್ರ ಉಳಿಯಿತು. ಉಳಿಯಲಿ ಅಂದೆ, ಅದಕ್ಕೊಂದು ಕೆಲಸ ಕೊಡೋಣ. ಗೂಡು ತುಂಬುವ ವಾರ ಕಾಯುವ ಬದಲು, ನಾಲ್ಕನೇ ಒಂದು ಭಾಗ ಖಾಲಿ ಇರುವಾಗಲೇ ತಾತ್ಕಾಲಿಕವಾಗಿ ಸಾಕುವ ಮನೆಗಳಿಗೆ ಫೋನ್ ಮಾಡುವ ಪದ್ಧತಿಯನ್ನು ಅವರೇ ಶುರುಮಾಡಿದರು. ಎರಡು ನಾಯಿ ಹಾಗೆ ಹೋದವು. ಒಂದು ವಾಪಸ್ ಬಂತು.

ಎಂಟನೇ ಭೇಟಿಯಲ್ಲಿ ಹೇಳಿದರು, ಮನೆಯ ನಾಯಿ ಮಂಡಿ ಮೇಲೆ ಕಾಲಿಟ್ಟಿತು, ತೆಗೆಯಲಿಲ್ಲ ಅಂತ. ಹೆಬ್ಬೆರಳು ಮಾತ್ರ ಮಡಚಿಕೊಂಡೇ ಇದ್ದರಂತೆ.

ಮರಿ ಹಾಕುವ ಕಾಲ ಬಂದರೆ ಶೆಲ್ಟರ್ ಮತ್ತೆ ತುಂಬುತ್ತದೆ. ಅದಕ್ಕೆ ಎರಡು ವಾರ ಮುಂಚೆಯೇ ಒಂಬತ್ತನೇ ಭೇಟಿ ಇಟ್ಟುಕೊಂಡಿದ್ದೇವೆ.