ಮೊದಲ ಲೈಬ್ರರಿ ಪೀರಿಯಡ್‌ನಲ್ಲಿ ಏನು ಹೇಳಬೇಕು, ಏನು ಬಿಡಬೇಕು?

ಶಾಲಾ ಗ್ರಂಥಾಲಯವನ್ನು ಮಕ್ಕಳಿಗೆ ಪರಿಚಯಿಸುವ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಲ್ಲಿ ಐದನ್ನು ಆಯ್ದು ಉತ್ತರಿಸಿದ್ದೇವೆ.

ಪ್ರಶ್ನೆ: ಐದನೇ ತರಗತಿಯ 40 ಮಕ್ಕಳನ್ನು ಮೊದಲ ಸಲ ಲೈಬ್ರರಿಗೆ ಕರೆದೊಯ್ಯಬೇಕು. ಸಿಗುವುದು 40 ನಿಮಿಷದ ಒಂದೇ ಪೀರಿಯಡ್. ಏನೆಲ್ಲ ಹೇಳಲಿ? (ಒಬ್ಬ ಶಿಕ್ಷಕಿ)

ಉತ್ತರ: ಎಲ್ಲ ಹೇಳಲು ಹೋಗಬೇಡಿ. ವರ್ಗೀಕರಣ, ಕ್ಯಾಟಲಾಗ್, ನಿಯಮಗಳ ಪಟ್ಟಿ ಇವು ಮೊದಲ ದಿನಕ್ಕಲ್ಲ. ಅಂದು ಮೂರೇ ಕೆಲಸ: ಪುಸ್ತಕ ತೆಗೆಯುವುದು, ಬೇಡವಾದದ್ದನ್ನು ಎಲ್ಲಿಡಬೇಕೆಂದು ತಿಳಿಯುವುದು, ಒಂದನ್ನು ಮನೆಗೆ ಒಯ್ಯುವುದು. ಪ್ರತಿ ಮಗುವೂ ಕೈಯಲ್ಲೊಂದು ಪುಸ್ತಕ ಹಿಡಿದು ಹೊರಬಂದರೆ ಪೀರಿಯಡ್ ಸಾರ್ಥಕ. ಬೀರುಗಳ ಮುಂದೆ ಸಾಲಾಗಿ ನಿಲ್ಲಿಸಿ ‘ಇದು ವಿಜ್ಞಾನ, ಅದು ಚರಿತ್ರೆ’ ಎಂದು ತೋರಿಸುತ್ತಾ ಹೋಗುವ ಪದ್ಧತಿ ನಮಗೆ ಹಿಡಿಸದು. ಹಿಂದಿನ ಸಾಲಿನವರಿಗೆ ಕಾಣುವುದಿಲ್ಲ, ಮುಂದಿನವರಿಗೆ ನೆನಪುಳಿಯುವುದಿಲ್ಲ.

ತರಗತಿಯನ್ನು ಎರಡು ಗುಂಪು ಮಾಡಿ. 20 ಮಕ್ಕಳು ಮೇಜಿನ ಮೇಲೆ ಮೊದಲೇ ಹರಡಿಟ್ಟ ಪುಸ್ತಕಗಳನ್ನು ನೋಡುತ್ತಿರಲಿ, ಉಳಿದ 20 ಮಂದಿ ಕಪಾಟಿನ ಹತ್ತಿರ ಹೋಗಲಿ. 12 ನಿಮಿಷಕ್ಕೆ ಅದಲು ಬದಲು. ಪುಸ್ತಕ ತೆಗೆಯುವುದನ್ನು ಮಾಡಿ ತೋರಿಸಿ. ಬೆನ್ನಿನ ಮೇಲಂಚಿಗೆ ಬೆರಳು ಸಿಕ್ಕಿಸಿ ಎಳೆದರೆ ಅಲ್ಲೇ ಹರಿಯುತ್ತದೆ. ಎರಡೂ ಪಕ್ಕದ ಪುಸ್ತಕಗಳನ್ನು ತುಸು ಒಳಗೆ ತಳ್ಳಿ, ನಡುಬೆನ್ನು ಹಿಡಿದು ಎಳೆಯಬೇಕು. ತೆಗೆದ ಜಾಗದಲ್ಲಿ 30 ಸೆಂ.ಮೀ. ಉದ್ದ, 6 ಸೆಂ.ಮೀ. ಅಗಲದ ರಟ್ಟಿನ ಪಟ್ಟಿ ನಿಲ್ಲಿಸಲಿ. ಪಟ್ಟಿಯ ಮೇಲೆ ಮಗುವಿನ ಹೆಸರಿದ್ದರೆ ಯಾವುದು ಯಾರದೆಂಬ ಗೊಂದಲವಿಲ್ಲ.

ಕೆಲಸ ಕೆಡುವುದು ಕೊನೆಯಲ್ಲಿ. ರಿಜಿಸ್ಟರಿನಲ್ಲಿ ಒಬ್ಬರದನ್ನು ಬರೆಯಲು ಅರ್ಧ ನಿಮಿಷವೆಂದರೂ 40 ಮಕ್ಕಳಿಗೆ 20 ನಿಮಿಷ ಬೇಕು. ಅದಕ್ಕೆ ಮೊದಲೇ ಚೀಟಿ ಕೊಟ್ಟಿರಿ. ಹೆಸರು, ತರಗತಿ, ಪುಸ್ತಕದ ಹೆಸರು, ಪರಿಗ್ರಹಣ ಸಂಖ್ಯೆ (ಪುಸ್ತಕವನ್ನು ಸೇರಿಸಿಕೊಳ್ಳುವಾಗ ಗ್ರಂಥಾಲಯ ಅದಕ್ಕೆ ಕೊಡುವ ಸಂಖ್ಯೆ) ಇಷ್ಟನ್ನು ಮಗುವೇ ಬರೆದುಕೊಡಲಿ, ರಿಜಿಸ್ಟರಿಗೆ ಆಮೇಲೆ ಏರಿಸಿಕೊಳ್ಳಬಹುದು. ಪ್ರತಿ ಪ್ರತಿಗೂ ಬೇರೆಬೇರೆಯಾಗಿರುವುದು ಆ ಸಂಖ್ಯೆಯೇ, ಆದ್ದರಿಂದ ಅದು ಎಲ್ಲಿ ಬರೆದಿರುತ್ತದೆಂದು ತೋರಿಸಲು ಮರೆಯಬೇಡಿ.

ಪ್ರಶ್ನೆ: ಪುಸ್ತಕದ ಬೆನ್ನ ಮೇಲಿನ ಅಂಕಿಗಳನ್ನು ಏಳನೇ ತರಗತಿಗೆ ಹೇಳಿಕೊಟ್ಟೆ. ತಲೆಯಾಡಿಸಿದರು. ಕಪಾಟಿನ ಮುಂದೆ ನಿಂತಾಗ ಒಬ್ಬರಿಗೂ ಪುಸ್ತಕ ಸಿಗಲಿಲ್ಲ. ಎಲ್ಲಿ ತಪ್ಪಿದೆ? (ಗ್ರಂಥಾಲಯದ ಉಸ್ತುವಾರಿ ಶಿಕ್ಷಕ)

ಉತ್ತರ: ಬಹುಪಾಲು ಪ್ರಸಂಗಗಳಲ್ಲಿ ತಪ್ಪುವುದು ದಶಮಾಂಶದಲ್ಲಿ. 598.12 ಮತ್ತು 598.9 ಕೊಟ್ಟು ಯಾವುದು ಮೊದಲು ಎಂದು ಕೇಳಿ ನೋಡಿ. 9ಕ್ಕಿಂತ 12 ದೊಡ್ಡದಲ್ಲವೇ ಎಂದು 598.9ನ್ನೇ ಮೊದಲು ಇಡುತ್ತಾರೆ. ಕಪಾಟಿನಲ್ಲಿ ಇರುವುದು ತಿರುವುಮುರುವು. ಎರಡು ಉಪಾಯಗಳಿವೆ. ಬಿಂದುವಿನ ನಂತರದ ಅಂಕಿಗಳನ್ನು ಒಂದೊಂದಾಗಿ ಓದಿಸಿ: ‘ಪಾಯಿಂಟ್ ಹನ್ನೆರಡು’ ಅಲ್ಲ, ‘ಪಾಯಿಂಟ್ ಒಂದು ಎರಡು’. ಮತ್ತೆ ಕಡಿಮೆ ಅಂಕಿ ಇರುವುದಕ್ಕೆ ಸೊನ್ನೆ ಸೇರಿಸಿ 598.90 ಎಂದು ಬರೆಸಿದರೆ ಹೋಲಿಕೆ ಸುಲಭ. ಇನ್ನೂ ದಶಮಾಂಶ ಕಲಿಯದ ತರಗತಿಗೆ ಮೊದಲ ಮೂರು ಅಂಕಿ ಸಾಕು.

ಎರಡನೆಯದು ದಿಕ್ಕು. ಒಂದು ಬೀರುವಿನ ಮೇಲಿನ ಅರೆ (ಖಾನೆ) ಮುಗಿದ ಮೇಲೆ ಅದರದ್ದೇ ಕೆಳಗಿನ ಅರೆಗೆ ಇಳಿಯಬೇಕು. ಮಕ್ಕಳು ಪುಸ್ತಕದ ಸಾಲು ಓದಿದ ಹಾಗೆ ಪಕ್ಕದ ಬೀರುವಿಗೆ ದಾಟಿಬಿಡುತ್ತಾರೆ. ಇದಕ್ಕೆ ಮಾತು ಬೇಡ, ಬೀರುಗಳ ಬದಿಗೆ ಬಾಣದ ಗುರುತು ಅಂಟಿಸಿ.

ಮೂರನೆಯದು, ಅಂಕಿ ಏಕೆ ಎಂಬುದನ್ನೇ ಹೇಳದಿರುವುದು. ಅಮೆರಿಕದ ಗ್ರಂಥಪಾಲಕ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ಈ ಪದ್ಧತಿ ಜ್ಞಾನವನ್ನು ಹತ್ತು ಭಾಗ ಮಾಡಿ, ಒಂದೊಂದಕ್ಕೆ ನೂರು ಅಂಕಿ ಕೊಡುತ್ತದೆ. ಹತ್ತನ್ನೂ ಬಾಯಿಪಾಠ ಮಾಡಿಸುವುದು ವ್ಯರ್ಥ. 500 ಮತ್ತು 600ರ ವ್ಯತ್ಯಾಸ ಒಂದನ್ನು ಹಿಡಿಸಿದರೆ ಉಳಿದದ್ದರ ತರ್ಕ ತಾನೇ ತಿಳಿಯುತ್ತದೆ. ಮೀನು 597, ಹಕ್ಕಿ 598, ಸಸ್ತನಿ 599. ತೋಳ ಸಿಗುವುದು 599ರಲ್ಲಿ, ಸಾಕುನಾಯಿ 636.7ರಲ್ಲಿ! ಎರಡೂ ಒಂದೇ ಕುಟುಂಬದ ಪ್ರಾಣಿಗಳಲ್ಲವೇ ಎಂದು ಯಾರಾದರೂ ಕೇಳುವ ತನಕ ಕಾಯಿರಿ. 500 ಪ್ರಕೃತಿಯನ್ನು ಅರಿಯುವ ವಿಜ್ಞಾನ, 600 ಆ ಅರಿವನ್ನು ಬಳಸುವ ವಿದ್ಯೆ. ಸಾಕುವುದು ಬಳಕೆಯ ಬದಿಗೆ ಬರುತ್ತದೆ.

ಕನ್ನಡ ಸಾಹಿತ್ಯದ ವಿಷಯಕ್ಕೆ ಬಂದರೆ ಅಂಕಿ ಹೆಚ್ಚು ನೆರವಾಗದು. ಎಲ್ಲಕ್ಕೂ 894.814 ಎಂದೇ ಶುರುವಾಗುವುದರಿಂದ ಸಾಲುಗಟ್ಟಲೆ ಒಂದೇ ಅಂಕಿ ಕಾಣುತ್ತದೆ. ಅಲ್ಲಿ ಕಣ್ಣು ಹಾಯಬೇಕಾದದ್ದು ಕೆಳಗಿನ ಅಕ್ಷರಗಳ ಕಡೆಗೆ. ಲೇಖಕರ ಹೆಸರು ಕಾಗುಣಿತದ ಕ್ರಮದಲ್ಲಿ ಸಾಗುತ್ತದೆ: ಕ, ಕಾ, ಕಿ, ಕೀ. ಇನಿಷಿಯಲ್‌ನಿಂದ ಹೆಸರಾದವರನ್ನು ಇನಿಷಿಯಲ್‌ನಡಿ ಇಟ್ಟಿದ್ದೀರೋ ಹೆಸರಿನಡಿ ಇಟ್ಟಿದ್ದೀರೋ ಎಂಬುದನ್ನು ಕಪಾಟಿನ ಮೇಲೆಯೇ ಬರೆದು ಅಂಟಿಸಿ. ಯಾವುದಾದರೂ ಸರಿ, ಎರಡೂ ಬೆರೆಯಬಾರದು.

ಅಭ್ಯಾಸಕ್ಕೆ ಪ್ರತಿ ಜೋಡಿಗೆ ಬೇರೆಬೇರೆ ಅಂಕಿಯ ಚೀಟಿ ಕೊಟ್ಟು ಪುಸ್ತಕ ಹುಡುಕಿಸಿ. ಎಲ್ಲರಿಗೂ ಒಂದೇ ಚೀಟಿ ಕೊಟ್ಟರೆ ಮೊದಲು ಓಡಿದವನು ಹುಡುಕುತ್ತಾನೆ, ಮಿಕ್ಕವರು ಅವನ ಬೆನ್ನು ಹತ್ತುತ್ತಾರೆ. ಚೀಟಿ ಕೊಡುವ ದಿನ ಆ ಪುಸ್ತಕಗಳು ನಿಜಕ್ಕೂ ಕಪಾಟಿನಲ್ಲಿವೆಯೇ ಎಂದು ನೋಡಿಕೊಳ್ಳಿ.

ಪ್ರಶ್ನೆ: ಪ್ರಾಜೆಕ್ಟ್‌ಗೆ ಜ್ವಾಲಾಮುಖಿಯ ಬಗ್ಗೆ ಬರೆಯಬೇಕು. 200 ಪುಟದ ಪುಸ್ತಕ ಸಿಕ್ಕಿದೆ. ಪೂರ್ತಿ ಓದಲೇಬೇಕಾ? (ಎಂಟನೇ ತರಗತಿ ವಿದ್ಯಾರ್ಥಿನಿ)

ಉತ್ತರ: ಬೇಡಮ್ಮಾ. ಪುಸ್ತಕದ ಮುಂದೆ ಪರಿವಿಡಿ ಇರುತ್ತದೆ, ಹಿಂದೆ ಪದಸೂಚಿ. ಪರಿವಿಡಿ ಪುಟಗಳ ಕ್ರಮದಲ್ಲಿ, ಪದಸೂಚಿ ಅಕ್ಷರಗಳ ಕ್ರಮದಲ್ಲಿ. ನೇರವಾಗಿ ಹಿಂದಕ್ಕೆ ಹೋಗು. ‘ಜ್ವಾಲಾಮುಖಿ’ ಇಲ್ಲದಿದ್ದರೆ ‘ಅಗ್ನಿಪರ್ವತ’, ‘ಲಾವಾ’, ‘ಶಿಲಾರಸ’ ನೋಡು. ಹುಡುಕುವ ಮೊದಲೇ ಇಂಥ ನಾಲ್ಕೈದು ಪದಗಳನ್ನು ಬರೆದಿಟ್ಟುಕೊಂಡರೆ ಒಳ್ಳೆಯದು. ‘45–52’ ಎಂದಿದ್ದರೆ ಅಷ್ಟೂ ಪುಟ ಅದೇ ವಿಷಯ. ‘45, 52’ ಎಂದಿದ್ದರೆ ಎರಡು ಕಡೆ ಬಿಡಿಬಿಡಿಯಾಗಿ ಪ್ರಸ್ತಾಪ ಬಂದಿದೆ. ಮೊದಲನೆಯದನ್ನೇ ಮೊದಲು ಓದು. ಕನ್ನಡದ ಎಷ್ಟೋ ಪುಸ್ತಕಗಳಲ್ಲಿ ಪದಸೂಚಿಯೇ ಇರುವುದಿಲ್ಲ, ಪ್ರಕಾಶಕರು ಇದನ್ನು ಇಷ್ಟು ಹಗುರವಾಗಿ ನೋಡಬಾರದಿತ್ತು. ಆಗ ಪರಿವಿಡಿ, ಉಪಶೀರ್ಷಿಕೆ, ಚಿತ್ರದ ಕೆಳಗಿನ ಸಾಲು, ಪ್ರತಿ ಪ್ಯಾರಾದ ಮೊದಲ ವಾಕ್ಯ ಇಷ್ಟರ ಮೇಲೆ ಕಣ್ಣಾಡಿಸು.

ಶೀರ್ಷಿಕೆ ಪುಟದ ಹಿಂಬದಿಯಲ್ಲಿ ಇಸವಿ ನೋಡು. ‘ಮರುಮುದ್ರಣ’ ಎಂದರೆ ಹಳೆಯದನ್ನೇ ಮತ್ತೆ ಅಚ್ಚು ಹಾಕಿದ್ದಾರೆ, ‘ಪರಿಷ್ಕೃತ ಆವೃತ್ತಿ’ ಎಂದರೆ ತಿದ್ದಿದ್ದಾರೆ. ಪ್ಲೂಟೊವನ್ನು ಕುಬ್ಜಗ್ರಹವೆಂದು ಬೇರೆ ಮಾಡಿದ್ದು 2006ರಲ್ಲಿ. ಅದಕ್ಕಿಂತ ಹಿಂದಿನ ಪುಸ್ತಕದಲ್ಲಿ ಗ್ರಹಗಳು ಒಂಬತ್ತು. 2015ರ ಮರುಮುದ್ರಣದಲ್ಲೂ ಒಂಬತ್ತೇ ಇರಬಹುದು. ಟಿಪ್ಪಣಿ ಮಾಡುವಾಗಲೇ ಪುಸ್ತಕ, ಲೇಖಕರು, ಪುಟಸಂಖ್ಯೆ ಬರೆದುಕೋ. ಪುಸ್ತಕ ವಾಪಸ್ ಕೊಟ್ಟ ಮೇಲೆ ಅದನ್ನು ಹುಡುಕುವುದು ದುಪ್ಪಟ್ಟು ಕೆಲಸ.

ಪ್ರಶ್ನೆ: ಮಗ ಪ್ರತಿ ವಾರ ಚಿತ್ರಕಥೆಯನ್ನೇ ತರುತ್ತಾನೆ. ಇಲ್ಲವೇ ತನಗೆ ಅರ್ಥವಾಗದ ದಪ್ಪ ಪುಸ್ತಕ. (ಒಬ್ಬ ತಾಯಿ)

ಉತ್ತರ: ಚಿತ್ರಕಥೆ ತರಲಿ ಬಿಡಿ, ಅದೂ ಓದೇ. ದಪ್ಪ ಪುಸ್ತಕಕ್ಕೆ ಐದು ಬೆರಳಿನ ಪರೀಕ್ಷೆ ಹೇಳಿಕೊಡಿ. ನಡುವಿನ ಯಾವುದಾದರೂ ಪುಟ ಓದುತ್ತಾ, ಗೊತ್ತಿಲ್ಲದ ಪದ ಬಂದಾಗೆಲ್ಲ ಒಂದು ಬೆರಳು ಮಡಚಬೇಕು. ಎರಡು ಮೂರಾದರೆ ಹದ, ಐದಾದರೆ ಸದ್ಯಕ್ಕೆ ಕಷ್ಟ. ಇದು ಅವನು ಒಬ್ಬನೇ ಕೂತು ಓದುವುದಕ್ಕಷ್ಟೇ. ರಾಕೆಟ್ ಅಂದರೆ ಪ್ರಾಣ ಬಿಡುವ ಹುಡುಗ ಐದೂ ಬೆರಳು ಮಡಚಿಯೂ ಆ ಪುಸ್ತಕ ಬೇಕೆಂದರೆ ತಡೆಯಬೇಡಿ, ನೀವು ಜೊತೆಗೆ ಕೂತು ಓದಿ.

ಪ್ರಶ್ನೆ: ಪೀರಿಯಡ್ ಮುಗಿಯುವಷ್ಟರಲ್ಲಿ ಪುಸ್ತಕಗಳೆಲ್ಲ ಚೆಲ್ಲಾಪಿಲ್ಲಿ. ಕೆಲವು ಹರಿದು, ಕೆಲವು ನೆನೆದು ಬರುತ್ತವೆ. ಮಕ್ಕಳಿಗೆ ಕೊಡುವುದನ್ನೇ ನಿಲ್ಲಿಸೋಣ ಅನ್ನಿಸುತ್ತದೆ. (ಒಬ್ಬ ಶಿಕ್ಷಕ)

ಉತ್ತರ: ನಿಲ್ಲಿಸಬೇಡಿ. ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1931ರಲ್ಲಿ ಮಂಡಿಸಿದ ಗ್ರಂಥಾಲಯದ ಐದು ಸೂತ್ರಗಳಲ್ಲಿ ಮೊದಲನೆಯದೇ ಪುಸ್ತಕಗಳಿರುವುದು ಬಳಕೆಗೆ ಎಂಬುದು. ಬೀಗ ಹಾಕಿದ ಬೀರುವಿನಲ್ಲಿ ಗೆದ್ದಲು ಮಾತ್ರ ಓದುತ್ತದೆ.

ತೆಗೆದ ಪುಸ್ತಕವನ್ನು ಮಕ್ಕಳು ತೋಚಿದಲ್ಲಿ ಕಪಾಟಿಗೆ ಸೇರಿಸಬಾರದು. ತೆಗೆಯುವಾಗ ನಿಲ್ಲಿಸಿದ ರಟ್ಟಿನ ಪಟ್ಟಿ ಇನ್ನೂ ಅದೇ ಜಾಗದಲ್ಲಿದ್ದರೆ ಮಾತ್ರ ಸೇರಿಸಲಿ, ಅನುಮಾನವಿದ್ದರೆ ‘ವಾಪಸ್’ ಎಂದು ಬರೆದ ಮೇಜಿನ ಮೇಲಿಡಲಿ. ತಪ್ಪು ಜಾಗಕ್ಕೆ ಹೋದ ಪುಸ್ತಕ ಕಳೆದ ಪುಸ್ತಕವೇ. ಅರೆಯ ಮುಕ್ಕಾಲು ಭಾಗ ಮಾತ್ರ ತುಂಬಿಸಿ. ಕಿಕ್ಕಿರಿದಿದ್ದರೆ ಎಳೆಯುವಾಗ ಬೆನ್ನು ಕಿತ್ತುಬರುತ್ತದೆ, ತೀರ ಸಡಿಲವಾದರೆ ವಾಲಿ ಹೊಲಿಗೆ ಬಿಡುತ್ತದೆ.

ಹರಿದದ್ದಕ್ಕೆ ಸೆಲ್ಲೋಟೇಪ್ ಹಾಕಬೇಡಿ. ಕೆಲ ವರ್ಷಗಳಲ್ಲಿ ಟೇಪ್ ಒಣಗಿ ಉದುರುತ್ತದೆ, ಅಂಟು ಕಾಗದದೊಳಗೆ ಇಳಿದು ಹಳದಿ ಕಲೆಯಾಗಿ ಉಳಿಯುತ್ತದೆ. ತೆಳು ಟಿಶ್ಯೂ ಕಾಗದದ ಪಟ್ಟಿಯನ್ನು ಗೋಧಿ ಗಂಜಿಯ ಅಂಟಿನಿಂದ ಹಚ್ಚಿ, ಎರಡೂ ಬದಿಗೆ ಎಣ್ಣೆಕಾಗದ ಇಟ್ಟು ಭಾರದಡಿ ಒಣಗಿಸಿ. ಮನೆಯಲ್ಲಿ ರಿಪೇರಿ ಮಾಡದೆ ಹರಿದ ಹಾಳೆಯ ಸಮೇತ ತಂದುಕೊಡಿ ಎಂದು ಮಕ್ಕಳಿಗೆ ಮೊದಲೇ ಹೇಳಿ. ಬೈಗುಳ ಸಿಗುತ್ತದೆಂದು ಗೊತ್ತಿದ್ದರೆ ಅವರು ಟೇಪ್ ಹಚ್ಚಿ ಮುಚ್ಚಿಟ್ಟೇ ತರುತ್ತಾರೆ.

ನೆನೆದ ಪುಸ್ತಕಕ್ಕೆ ಹೆಚ್ಚು ಸಮಯವಿಲ್ಲ, ಎರಡು ದಿನ ಕಳೆದರೆ ಬೂಷ್ಟು ಹಿಡಿಯುತ್ತದೆ. ಬಿಸಿಲಿಗಿಟ್ಟರೆ ಹಾಳೆ ಸುರುಟುತ್ತದೆ. 15–20 ಹಾಳೆಗೊಂದರಂತೆ ಅಚ್ಚಿಲ್ಲದ ಹೀರುಕಾಗದ ಇಟ್ಟು, ಅದು ಒದ್ದೆಯಾದಂತೆ ಬದಲಿಸುತ್ತಿರಿ. ನೀರು ಸೋರುವುದು ನಿಂತ ಮೇಲೆ ಪುಸ್ತಕವನ್ನು ನಿಲ್ಲಿಸಿ, ಹಾಳೆ ಬಿಡಿಸಿ, ಫ್ಯಾನ್ ಗಾಳಿಗಿಡಿ. ನುಣುಪು ಕಾಗದದ ಚಿತ್ರಪುಸ್ತಕವಾದರೆ ಪ್ರತಿ ಹಾಳೆಯ ನಡುವೆಯೂ ಕಾಗದ ಬೇಕು, ಮತ್ತದು ಕೈಗೆ ಬಂದ ಗಳಿಗೆಯಲ್ಲೇ ಆಗಬೇಕು. ಒಣಗುತ್ತಾ ಒಂದಕ್ಕೊಂದು ಅಂಟಿಕೊಂಡ ನುಣುಪು ಹಾಳೆಗಳನ್ನು ಬಿಡಿಸಲು ಹೋದರೆ ಅಚ್ಚೇ ಕಿತ್ತುಬರುತ್ತದೆ.